ಬೆಂಗಾಲ್ ಬೆಕ್ಕು: ಬೆಂಗಳೂರಿನ ಫ್ಲ್ಯಾಟ್‌ಗೆ ಒಗ್ಗುತ್ತದೆಯೇ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ದಿನಕ್ಕೆ ಎರಡು ಹೊತ್ತು ಬೆಕ್ಕಿನ ಜೊತೆ ಆಡುವವರು ಮನೆಯಲ್ಲಿರಬೇಕು. ಬಾಲ್ಕನಿಗೂ ಕಿಟಕಿಗಳಿಗೂ ಉಕ್ಕಿನ ಜಾಲರಿ ಹಾಕಿಸಲು ಮನೆ ಓನರ್ ಒಪ್ಪಿರಬೇಕು. ಮಾಂಸದ ಆಹಾರ ಮನೆಯೊಳಗೆ ಬರಲು ಯಾರ ಅಡ್ಡಿಯೂ ಇರಬಾರದು. ಈ ಮೂರೂ ಇದ್ದರೆ ಬೆಂಗಾಲ್‌ನಷ್ಟು ಜಾಣ, ಮನುಷ್ಯರನ್ನು ಇಷ್ಟು ಹಚ್ಚಿಕೊಳ್ಳುವ ಬೆಕ್ಕು ಸಿಗುವುದು ಕಷ್ಟ. ಮೂರರಲ್ಲಿ ಒಂದು ಇಲ್ಲದಿದ್ದರೂ ಕೊಳ್ಳಬೇಡಿ. ಜನ ಹಣ ಕೊಡುವುದು ಮೈಮೇಲಿನ ಚುಕ್ಕೆಗೆ. ಮನೆಗೆ ಬರುವುದು ಮಾತ್ರ ಹನ್ನೆರಡು-ಹದಿನೈದು ವರ್ಷ ಸುಮ್ಮನೆ ಕೂರದ ಒಂದು ಜೀವ.

ಈ ತಳಿಯ ಮೂಲ ಚಿರತೆ ಬೆಕ್ಕು. ವೈಜ್ಞಾನಿಕ ಹೆಸರು ಪ್ರಿಯೊನೈಲ್ಯೂರಸ್ ಬೆಂಗಾಲೆನ್ಸಿಸ್. ತಳಿಗೆ ‘ಬೆಂಗಾಲ್’ ಎಂಬ ಹೆಸರು ಬಂದದ್ದು ಅದರಿಂದಲೇ. ಚಿರತೆ ಬೆಕ್ಕಿಗೂ ಮನೆಬೆಕ್ಕಿಗೂ 38 ವರ್ಣತಂತುಗಳು, ಹಾಗಾಗಿ ಎರಡೂ ಕೂಡಿ ಮರಿಯಾಗುತ್ತವೆ. ಅಮೆರಿಕದಲ್ಲಿ ಜೀನ್ ಮಿಲ್ ಎಂಬಾಕೆ 1960ರ ದಶಕದಲ್ಲಿ ಮೊದಲ ಪ್ರಯತ್ನ ಮಾಡಿ, 1980ರ ದಶಕದಲ್ಲಿ ತಳಿಯನ್ನು ನೆಲೆಗೊಳಿಸಿದರು. ಅದರಲ್ಲಿ ನಮ್ಮ ದೇಶದ ಪಾಲೂ ಇದೆ. 1982ರಲ್ಲಿ ದೆಹಲಿಯ ಮೃಗಾಲಯದಲ್ಲಿ ಅಡ್ಡಾಡಿಕೊಂಡಿದ್ದ ಹೊಂಬಣ್ಣದ ಚುಕ್ಕೆಯ ಸಾಧಾರಣ ಬೆಕ್ಕೊಂದನ್ನು ಅವರು ಅಮೆರಿಕಕ್ಕೆ ತರಿಸಿಕೊಂಡರು. ಬೆಂಗಾಲ್‌ನ ಕೂದಲಿಗೆ ಬಿಸಿಲಲ್ಲಿ ಬರುವ ಹೊನ್ನಿನ ಮಿನುಗನ್ನು ಆ ಬೆಕ್ಕಿನಿಂದಲೇ ಬಂದದ್ದೆಂದು ತಳಿಗಾರರು ಹೇಳುತ್ತಾರೆ. ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಟಿಕಾ 1986ರಲ್ಲಿ ಬೆಂಗಾಲನ್ನು ಹೊಸ ತಳಿಯಾಗಿ ದಾಖಲಿಸಿ, 1991ರಲ್ಲಿ ಚಾಂಪಿಯನ್‌ಷಿಪ್ ಸ್ಥಾನ, ಎಂದರೆ ಪ್ರದರ್ಶನಗಳಲ್ಲಿ ಸ್ಪರ್ಧಿಸುವ ಅರ್ಹತೆ, ಕೊಟ್ಟಿತು.

‘ಅರ್ಧ ಕಾಡುಪ್ರಾಣಿ’ ಎಂದು ಮಾರುವವರನ್ನು ನಂಬಬೇಡಿ. ಇವತ್ತಿನ ಬೆಂಗಾಲ್‌ಗಳ ವಂಶವಾಹಿಯಲ್ಲಿ ಚಿರತೆ ಬೆಕ್ಕಿನ ಪಾಲು ಸರಾಸರಿ ನೂರಕ್ಕೆ ಮೂರು-ನಾಲ್ಕು ಅಷ್ಟೇ. ಚುಕ್ಕೆಯ ಅಂದಕ್ಕೂ ಮಿನುಗಿಗೂ ಹೆಚ್ಚಿನ ಕಾರಣ ಮನೆಬೆಕ್ಕಿನ ಕಡೆಯಿಂದ ಬಂದ ಗುಣಗಳು, ಅವನ್ನು ತಳಿಗಾರರು ತಲೆಮಾರುಗಟ್ಟಲೆ ಆರಿಸುತ್ತ ಬಂದಿದ್ದಾರೆ. ಕಾಡಿನದ್ದು ಹೆಚ್ಚಿದ್ದರೆ ಚುಕ್ಕೆ ಚೆನ್ನ ಎನ್ನುವ ಮಾತಿಗೆ ಬುಡವಿಲ್ಲ.

ತಲೆಮಾರಿನ ಲೆಕ್ಕವನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಚಿರತೆ ಬೆಕ್ಕಿಗೆ ನೇರವಾಗಿ ಹುಟ್ಟಿದ್ದು ಎಫ್‌1, ಅದರ ಮರಿ ಎಫ್‌2, ಮೊಮ್ಮರಿ ಎಫ್‌3. ಈ ಮೂರು ತಲೆಮಾರಿನ ಗಂಡುಗಳು ಸಾಮಾನ್ಯವಾಗಿ ಸಂತಾನಹೀನ. ಅವುಗಳ ಸ್ವಭಾವ ಅಂಜುಬುರುಕ, ಮಲಮೂತ್ರಕ್ಕೆ ಟ್ರೇ ಬಳಸುವುದನ್ನು ಕಲಿಸುವುದು ಕಷ್ಟ, ಅಪರಿಚಿತರು ಬಂದರೆ ದಿನವಿಡೀ ಅಡಗಿರುತ್ತವೆ. ಮನೆಯಲ್ಲಿ ಸಾಕಲು ತಕ್ಕದ್ದು ನಾಲ್ಕನೇ ತಲೆಮಾರಿನಿಂದ ಆಚೆಗಿನದು. ಅಪ್ಪ-ಅಮ್ಮ, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿ ಎಲ್ಲವೂ ಬೆಂಗಾಲೇ ಆಗಿದ್ದರೆ ಟಿಕಾ ನೋಂದಣಿ ಸಂಖ್ಯೆ ‘ಎಸ್‌ಬಿಟಿ’ ಅಕ್ಷರಗಳಿಂದ ಶುರುವಾಗುತ್ತದೆ. ಕಾಗದದಲ್ಲಿ ಮೊದಲು ಹುಡುಕಬೇಕಾದದ್ದು ಆ ಮೂರು ಅಕ್ಷರ.

ಬೆಂಗಳೂರಿನಲ್ಲಿ ಯಾರಾದರೂ ‘ಎಫ್‌1 ಇದೆ, ಎಫ್‌2 ಇದೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಚಿರತೆ ಬೆಕ್ಕು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಕಾಫಿ ತೋಟಗಳಲ್ಲೂ ಇರುವ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದಲ್ಲೂ ಭಾರತದ ಚಿರತೆ ಬೆಕ್ಕು ಅತ್ಯಂತ ಬಿಗಿಯಾದ ಪಟ್ಟಿಯಲ್ಲಿದೆ. ಹಿಂದಿನ ನಾಲ್ಕು ತಲೆಮಾರಿನೊಳಗೆ ಕಾಡು ಪೂರ್ವಜವಿದ್ದರೆ ಮಿಶ್ರತಳಿಗೂ ಆ ನಿಯಮ ತಗಲುತ್ತದೆ. ತೋಟದಲ್ಲಿ ಸಿಕ್ಕ ಚಿರತೆ ಬೆಕ್ಕಿನ ಮರಿಯನ್ನೇ ‘ಬೆಂಗಾಲ್’ ಎಂದು ದಾಟಿಸುವ ಸಾಧ್ಯತೆಯೂ ಇದೆ, ಆದ್ದರಿಂದ ಗುರುತು ತಿಳಿದಿರಲಿ. ಕಾಡಿನ ಮರಿಯ ಕಿವಿಯ ಹಿಂಭಾಗ ಕಪ್ಪಾಗಿದ್ದು ನಡುವೆ ಎದ್ದು ಕಾಣುವ ಬಿಳಿ ಮಚ್ಚೆ ಇರುತ್ತದೆ. ಹಣೆಯಿಂದ ಕತ್ತಿನ ಕಡೆಗೆ ಕಪ್ಪು-ಬಿಳಿ ಗೆರೆಗಳು ಓಡುತ್ತವೆ. ಕೈಗೆ ತೆಗೆದುಕೊಂಡರೆ ಹಿತವಾಗಿ ಗುರುಗುಡುವ ಬದಲು ಬುಸುಗುಟ್ಟಿ ಕಚ್ಚಲು ಬರುತ್ತದೆ. ಅಂಥದ್ದು ಕಂಡರೆ ಕನಿಕರದಿಂದಲೂ ಕೊಳ್ಳಬೇಡಿ. ಕೊಂಡರೆ ಇನ್ನೊಂದು ಮರಿ ತೋಟದಿಂದ ಬರುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ.

ಇನ್ನು ನೋಟ. ಇಲ್ಲಿ ಬೆಂಗಾಲ್‌ಗೆ ಪೂರ್ತಿ ಅಂಕ. ಗಂಡು ನಾಲ್ಕೂವರೆಯಿಂದ ಏಳು ಕಿಲೋ, ಹೆಣ್ಣು ಮೂರೂವರೆಯಿಂದ ಐದು ಕಿಲೋ ತೂಗುತ್ತವೆ. ಹಿಂಗಾಲು ಮುಂಗಾಲಿಗಿಂತ ತುಸು ಉದ್ದ. ಕಿವಿ ಚಿಕ್ಕದು, ತುದಿ ದುಂಡು. ಮೀಸೆಯ ಬುಡ ಉಬ್ಬಿರುತ್ತದೆ. ಬಾಲ ದಪ್ಪ, ಕಂದು ಬಣ್ಣದ ಬೆಕ್ಕಿನಲ್ಲಿ ಅದರ ತುದಿ ಕಪ್ಪು. ಕೂದಲು ಗಿಡ್ಡ, ಮೈಗೆ ಅಂಟಿದಂತಿದ್ದು ಬಹಳ ನುಣುಪು. ವಾರಕ್ಕೊಮ್ಮೆ ರಬ್ಬರ್ ಬ್ರಷ್ ಆಡಿಸಿದರೆ ಸಾಕು. ಮೈಯ ಚಿತ್ತಾರದಲ್ಲಿ ಎರಡು ಬಗೆ: ಚುಕ್ಕೆಯದು ಮತ್ತು ಅಮೃತಶಿಲೆಯ ಸುಳಿಯಂಥದ್ದು. ಚುಕ್ಕೆಯಲ್ಲಿ ಎರಡು ಬಣ್ಣ ಸೇರಿ, ಅಂಚು ಗಾಢ ನಡು ತಿಳಿ ಇದ್ದರೆ ಅದಕ್ಕೆ ರೋಸೆಟ್ ಎನ್ನುತ್ತಾರೆ. ಬೆಲೆ ಏರುವುದು ಅದಕ್ಕೇ. ಕಂದು, ಬೆಳ್ಳಿ, ಹಿಮ, ಇದ್ದಿಲು, ನೀಲಿ ಬಣ್ಣಗಳಿವೆ. ಇದ್ದಿಲು ಬಣ್ಣದ ಕಪ್ಪು ಮುಖವಾಡ ಮಾತ್ರ ಕಾಡಿನ ಕಡೆಯಿಂದ ಬಂದ ವಂಶವಾಹಿಯ ಕೆಲಸ.

ನಕಲಿಯನ್ನು ಪತ್ತೆ ಹಚ್ಚಲು ಹೊಟ್ಟೆ ನೋಡಿ. ಬೆಂಗಾಲ್‌ನ ಹೊಟ್ಟೆಯ ಮೇಲೂ ಚುಕ್ಕೆ ಇರಬೇಕು. ಪಕ್ಕೆಯ ಚುಕ್ಕೆಗಳು ಅಡ್ಡಡ್ಡ ಹರಿದಂತಿರಬೇಕು. ಮೇಲಿನಿಂದ ಕೆಳಗೆ ಇಳಿಯುವ ಪಟ್ಟೆ ಮುರಿದು ಚುಕ್ಕೆಯಾದಂತಿದ್ದರೆ ಅದು ನಮ್ಮ ಬೀದಿಯ ಪಟ್ಟೆಬೆಕ್ಕು, ಇಲ್ಲವೇ ಅದರ ಮಿಶ್ರಣ. ಬೀದಿಬೆಕ್ಕು ಸಾಕುವುದು ಒಳ್ಳೆಯದೇ, ಆದರೆ ಅದಕ್ಕೆ ಐವತ್ತು ಸಾವಿರ ಕೊಡಬೇಕಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಾಲ್ಕು ವಾರದ ಸುಮಾರಿಗೆ ಮರಿಯ ಮೈಮೇಲೆ ಬೂದು ಬಣ್ಣದ ಉದ್ದ ಕೂದಲು ಎದ್ದು ಚುಕ್ಕೆ ಮಸುಕಾಗುತ್ತದೆ. ಮೂರು-ನಾಲ್ಕು ತಿಂಗಳಾಗುವ ಹೊತ್ತಿಗೆ ಮತ್ತೆ ತಿಳಿಯಾಗುತ್ತದೆ. ಎಂಟು ವಾರದ ಮರಿ ಮಂಕಾಗಿ ಕಂಡರೆ ಅದು ದೋಷವಲ್ಲ. ಆ ವಯಸ್ಸಿನ ಮರಿಯ ಫೋಟೊದಲ್ಲಿ ಚುಕ್ಕೆ ಅತಿಯಾಗಿ ಹೊಳೆಯುತ್ತಿದ್ದರೆ ಫೋಟೊ ತಿದ್ದಿರಬಹುದೇ ಎಂದು ನೋಡಿ.

ಬೆಲೆಯಲ್ಲಿ ಒಂದು ಹಿಡಿತವಿಲ್ಲ. ಕಾಗದಪತ್ರವಿಲ್ಲದ ಮರಿಗೂ ಹತ್ತಾರು ಸಾವಿರ ಕೇಳುತ್ತಾರೆ, ಕಾಗದವಿದ್ದದ್ದು ಲಕ್ಷ ದಾಟುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬೆಲೆ ಏರಬೇಕಾದದ್ದು ರೋಸೆಟ್‌ಗಲ್ಲ, ತಂದೆ-ತಾಯಿಯ ಪರೀಕ್ಷೆಗಳಿಗೆ.

ಪರೀಕ್ಷೆಗಳ ಮಾತನ್ನು ಕೊಂಚ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಇಲ್ಲಿನ ಮಾರಾಟಗಾರರಲ್ಲಿ ಅನೇಕರು ಚುಚ್ಚುಮದ್ದಿನ ಪುಸ್ತಕ ತೋರಿಸಿ ‘ಎಲ್ಲ ಟೆಸ್ಟ್ ಆಗಿದೆ’ ಎನ್ನುತ್ತಾರೆ. ಚುಚ್ಚುಮದ್ದು ಬೇರೆ, ವಂಶವಾಹಿ ಪರೀಕ್ಷೆ ಬೇರೆ. ಬೆಂಗಾಲ್‌ನಲ್ಲಿ ಎರಡನ್ನು ಕೇಳಿ ಪಡೆಯಬೇಕು. ಮೊದಲನೆಯದು ಪಿಆರ್‌ಎ-ಬಿ, ಅಕ್ಷಿಪಟಲ ಸವೆದು ಕುರುಡಾಗುವ ರೋಗ. ಎಳೆಯ ವಯಸ್ಸಿನಲ್ಲೇ ಶುರುವಾಗಿ ಒಂದೆರಡು ವರ್ಷದೊಳಗೆ ದೃಷ್ಟಿ ಹೋಗುತ್ತದೆ, ಚಿಕಿತ್ಸೆ ಇಲ್ಲ. ದೋಷವಿರುವ ವಂಶವಾಹಿ ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ರೋಗ. ಹಾಗಾಗಿ ಕಣ್ಣು ಚೆನ್ನಾಗಿರುವ ಇಬ್ಬರು ವಾಹಕರ ನಾಲ್ಕು ಮರಿಗಳಲ್ಲಿ ಸರಾಸರಿ ಒಂದು ಕುರುಡಾಗುತ್ತದೆ. ‘ತಾಯಿ-ತಂದೆಗೆ ಏನೂ ಇಲ್ಲ’ ಎಂಬ ಭರವಸೆ ಇಲ್ಲಿ ನಿಲ್ಲುವುದಿಲ್ಲ. ಎರಡನೆಯದು ಪೈರುವೇಟ್ ಕೈನೇಸ್ ಕೊರತೆ. ಕೆಂಪು ರಕ್ತಕಣ ಬೇಗ ಒಡೆದು ರಕ್ತಹೀನತೆ ಬರುತ್ತದೆ. ಇದೂ ಹಾಗೆಯೇ ಇಬ್ಬರಿಂದಲೂ ಬರಬೇಕಾದದ್ದು. ಎರಡಕ್ಕೂ ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಫಲಿತಾಂಶ ಸಿಗುತ್ತದೆ. ವರದಿಯಲ್ಲಿ ‘ಎನ್/ಎನ್’ ಎಂದಿದ್ದರೆ ದೋಷವಿಲ್ಲ. ವರದಿಯಲ್ಲಿರುವ ಮೈಕ್ರೊಚಿಪ್ ಸಂಖ್ಯೆ, 15 ಅಂಕಿಯದು, ಎದುರಿಗಿರುವ ಬೆಕ್ಕಿನ ಚಿಪ್‌ಗೆ ತಾಳೆಯಾಗುತ್ತದೆಯೇ ಎಂದು ಸ್ಕ್ಯಾನರ್ ಹಿಡಿಸಿ ನೋಡಿ. ಇಲ್ಲದಿದ್ದರೆ ಆ ಕಾಗದ ಯಾವ ಬೆಕ್ಕಿನದೂ ಆಗಿರಬಹುದು.

ಹೃದಯದ ಸ್ನಾಯು ದಪ್ಪವಾಗುವ ಎಚ್‌ಸಿಎಂ ರೋಗಕ್ಕೆ ಬೆಂಗಾಲ್‌ನಲ್ಲಿ ನೆಚ್ಚಬಹುದಾದ ವಂಶವಾಹಿ ಪರೀಕ್ಷೆ ಇಲ್ಲ. ತಂದೆ-ತಾಯಿಗೆ ಕಳೆದ ಒಂದು ವರ್ಷದೊಳಗೆ ಎಕೊ (ಹೃದಯದ ಅಲ್ಟ್ರಾಸೌಂಡ್) ಸ್ಕ್ಯಾನ್ ಆಗಿದೆಯೇ ಎಂದು ಕೇಳುವುದೊಂದೇ ದಾರಿ. ಬೆಕ್ಕು ಮನೆಗೆ ಬಂದ ಮೇಲೆ, ಅದು ಗಾಢ ನಿದ್ದೆಯಲ್ಲಿರುವಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂದು ತಿಂಗಳಿಗೊಮ್ಮೆ ಎಣಿಸಿ. 30 ದಾಟುತ್ತಲೇ ಇದ್ದರೆ ಪಶುವೈದ್ಯರಿಗೆ ತೋರಿಸಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಮರುದಿನಕ್ಕೆ ಕಾಯಬಾರದು.

ತಳಿ ಕೇಂದ್ರಗಳಿಂದ ಬರುವ ಮರಿಗಳಲ್ಲಿ ಬಹಳ ಕಾಡುವುದು ಭೇದಿ. ಜಂತಿನ ಔಷಧಿ ಹಾಕಿ, ಆಹಾರ ಬದಲಿಸಿ, ಆಂಟಿಬಯಾಟಿಕ್ ಕೊಟ್ಟರೂ ವಾರಗಟ್ಟಲೆ ಸೆಗಣಿಯಂಥ, ಕೆಟ್ಟ ವಾಸನೆಯ, ಲೋಳೆ ಅಥವಾ ರಕ್ತದ ಎಳೆ ಬೆರೆತ ಮಲ ಬರುತ್ತದೆ. ಮರಿ ಮಾತ್ರ ಲವಲವಿಕೆಯಿಂದ ತಿಂದು ಆಡುತ್ತಿರುತ್ತದೆ. ಹೀಗಿದ್ದರೆ ಟ್ರೈಟ್ರೈಕೊಮೊನಸ್ ಎಂಬ ಏಕಕೋಶ ಜೀವಿಯ ಅನುಮಾನ ಬರಬೇಕು. ಮಾಮೂಲಿ ಮಲಪರೀಕ್ಷೆಯಲ್ಲಿ ಇದು ತಪ್ಪಿಹೋಗುತ್ತದೆ, ಆ ಜೀವಿಯ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಕೇಳಿ. ತಾಜಾ ಮಲವನ್ನೇ ಕೊಡಿ, ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದರೆ ಜೀವಿ ಸತ್ತು ಸೂಕ್ಷ್ಮದರ್ಶಕದಲ್ಲೂ ಕಾಣುವುದಿಲ್ಲ. ಇದಕ್ಕೆ ಬಳಸುವ ಔಷಧಿ ನರಮಂಡಲಕ್ಕೆ ತೊಂದರೆ ಕೊಡಬಲ್ಲದು, ಪ್ರಮಾಣವನ್ನು ವೈದ್ಯರೇ ತೂಕ ನೋಡಿ ನಿರ್ಧರಿಸಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಊರಿಗಿರುವ ದೊಡ್ಡ ಆಸರೆ. ಖಾಸಗಿ ಕ್ಲಿನಿಕ್ ಆರಿಸುವಾಗ ಗ್ಯಾಸ್ ಅರಿವಳಿಕೆ ಇದೆಯೇ, ಬೆಕ್ಕುಗಳಿಗೆ ನಾಯಿಗಳಿಂದ ದೂರ ಕೂರಿಸುವ ಜಾಗವಿದೆಯೇ ಎಂದು ಫೋನಿನಲ್ಲೇ ವಿಚಾರಿಸಿ.

ಮಾರಾಟಗಾರರ ಸೇವೆಯನ್ನು ಅಳೆಯಲು ನಮ್ಮಲ್ಲಿ ಒಂದೇ ಅಳತೆಗೋಲಿದೆ: ಮರಿ ಹುಟ್ಟಿದ ಜಾಗವನ್ನೂ ತಾಯಿಯನ್ನೂ ತೋರಿಸುತ್ತಾರೋ ಇಲ್ಲವೋ. ‘ಮೆಟ್ರೊ ಸ್ಟೇಷನ್ ಹತ್ತಿರ ಬನ್ನಿ, ತಂದುಕೊಡುತ್ತೇವೆ’ ಎನ್ನುವವರಿಂದ, ಬೇರೆ ರಾಜ್ಯದಿಂದ ಬಸ್ಸಿನಲ್ಲಿ ಹಾಕಿ ಕಳಿಸುತ್ತೇವೆ ಎನ್ನುವವರಿಂದ ಕೊಳ್ಳಬೇಡಿ. ನೋಡುವ ಮೊದಲೇ ಮುಂಗಡ ಕೇಳಿದರೂ ಅಷ್ಟೇ. ಅಂಗಡಿಯಾದರೆ 2018ರ ಸಾಕುಪ್ರಾಣಿ ಅಂಗಡಿ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಸಂಖ್ಯೆ ಕೇಳಿ. ಹನ್ನೆರಡು ವಾರ ತುಂಬದ ಮರಿ ಬೇಡವೇ ಬೇಡ. ಕಚ್ಚುವುದರ ಮಿತಿ, ಟ್ರೇ ಬಳಕೆ, ಜನರ ಒಡನಾಟ ಇವೆಲ್ಲವನ್ನೂ ಮರಿ ತಾಯಿಯ ಬಳಿ, ಒಡಹುಟ್ಟಿದವುಗಳ ನಡುವೆ ಕಲಿಯುತ್ತದೆ. ಬೆಂಗಾಲ್‌ನಂಥ ಚುರುಕಿನ ತಳಿಯಲ್ಲಿ ಆ ಪಾಠ ತಪ್ಪಿದರೆ ಮನೆಯವರ ಕೈಕಾಲು ಗಾಯವಾಗುತ್ತದೆ. ಎಂಟು, ಹನ್ನೆರಡು, ಹದಿನಾರು ವಾರಕ್ಕೆ ಟ್ರೈಕ್ಯಾಟ್ (ಬೆಕ್ಕಿನ ಮೂರು ವೈರಸ್ ರೋಗಗಳಿಗೆ ಒಂದೇ ಲಸಿಕೆ), ಹನ್ನೆರಡು ವಾರ ದಾಟಿದ ಮೇಲೆ ರೇಬಿಸ್ ಚುಚ್ಚುಮದ್ದು. ನಾಲ್ಕು-ಐದು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗಂಡು ಒಮ್ಮೆ ಗೋಡೆಗೆ ಮೂತ್ರ ಚಿಮ್ಮಿಸುವುದನ್ನು ರೂಢಿಸಿಕೊಂಡರೆ ಶಸ್ತ್ರಚಿಕಿತ್ಸೆಯ ನಂತರವೂ ಆ ಚಟ ಉಳಿಯಬಹುದು.

ಈಗ ಮನೆಯ ತಯಾರಿ. ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಪಾರಿವಾಳಕ್ಕೆಂದು ಕಟ್ಟಿಸುವ ನೈಲಾನ್ ಬಲೆ ಬೆಂಗಾಲ್‌ಗೆ ತಡೆಯೇ ಅಲ್ಲ. ಬಿಸಿಲಿಗೆ ಸೊರಗಿದ ಬಲೆಯನ್ನು ಅದು ಹಲ್ಲಿನಲ್ಲಿ ಕಡಿದು ತೂತು ಮಾಡುತ್ತದೆ. ಎದುರಿಗೆ ಪಾರಿವಾಳ ಕೂತಾಗ ಇಡೀ ಮೈಭಾರ ಹಾಕಿ ಜಿಗಿಯುತ್ತದೆ. ಅಂಚಿನ ಕೊಕ್ಕೆ ಕಿತ್ತು ಬರುತ್ತದೆ. ‘ಇನ್‌ವಿಸಿಬಲ್ ಗ್ರಿಲ್’ ತಂತಿ ಗಟ್ಟಿಯೇನೋ ಹೌದು, ಆದರೆ ಎರಡು-ಮೂರು ಇಂಚಿನ ಸಂದಿಯಲ್ಲಿ ಮರಿಯ ತಲೆ ತೂರುತ್ತದೆ, ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ಹಾಕಿಸಬೇಕಾದದ್ದು ಒಂದು ಇಂಚಿನ ಚೌಕದ ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್ ಜಾಲರಿ, ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದದ್ದು, ನೆಲದಿಂದ ಸೀಲಿಂಗ್‌ವರೆಗೆ. ಅರ್ಧಕ್ಕೆ ನಿಲ್ಲಿಸಿದರೆ ಪ್ರಯೋಜನವಿಲ್ಲ, ನಿಂತಲ್ಲಿಂದಲೇ ಆಳೆತ್ತರ ಹಾರಬಲ್ಲ ಬೆಕ್ಕು ಇದು. ಯುಪಿವಿಸಿ ಕಿಟಕಿಯ ಸೊಳ್ಳೆಪರದೆಯ ಬಾಗಿಲನ್ನು ಪಂಜದಲ್ಲಿ ಸರಿಸಿ ತೆರೆಯುತ್ತದೆ, ಅದಕ್ಕೆ ಅಡ್ಡ ಲಾಕ್ ಹಾಕಿಸಿ. ಲಿವರ್ ಹಿಡಿಯ ಬಾಗಿಲಿಗೆ ನೇತುಬಿದ್ದು ತೆರೆಯುವುದನ್ನೂ ಕಲಿಯುತ್ತದೆ. ಮುಂಬಾಗಿಲಿಗೆ ಗುಂಡು ಹಿಡಿ ಒಳ್ಳೆಯದು.

ಏರಲು ಗೋಡೆಗೆ ಹಲಗೆ ಬೇಕು. 18 ಮಿಲಿಮೀಟರ್ ಪ್ಲೈವುಡ್, ಅಗಲ ಹತ್ತು-ಹನ್ನೆರಡು ಇಂಚು, ಮೇಲೆ ಜಾರದ ಮ್ಯಾಟ್. ಮೊದಲು ಗೋಡೆ ಯಾವುದೆಂದು ತಿಳಿಯಿರಿ. ಹೊಸ ಅಪಾರ್ಟ್‌ಮೆಂಟ್‌ಗಳ ಒಳಗೋಡೆ ಬಹಳ ಕಡೆ ಹಗುರವಾದ ಎಎಸಿ ಬ್ಲಾಕ್. ಅದರಲ್ಲಿ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಮೆಲ್ಲಗೆ ಸಡಿಲಾಗುತ್ತದೆ. ಐದು ಕಿಲೋ ಬೆಕ್ಕು ಓಡಿಬಂದು ಹಾರಿದರೆ ಹಲಗೆಯ ಮೇಲೆ ಬೀಳುವ ಪೆಟ್ಟು ಅದರ ತೂಕದ ಹಲವು ಪಟ್ಟು. ಎಎಸಿಗೆಂದೇ ಬರುವ ಉದ್ದ ನೈಲಾನ್ ಪ್ಲಗ್ ಅಥವಾ ಕೆಮಿಕಲ್ ಆ್ಯಂಕರ್ ಹಾಕಿಸಿ. ಓಡುವ ಚಕ್ರ ಕೊಳ್ಳುವುದಾದರೆ ವ್ಯಾಸ ನಾಲ್ಕು ಅಡಿಯ ಹತ್ತಿರವಿರಲಿ, ಚಿಕ್ಕದಾದರೆ ಬೆನ್ನು ಬಾಗಿಸಿ ಓಡಬೇಕಾಗುತ್ತದೆ.

ಆಟ ದಿನಕ್ಕೆ ಎರಡು ಹೊತ್ತು, ಹದಿನೈದು-ಇಪ್ಪತ್ತು ನಿಮಿಷ, ಬೆಳಗ್ಗೆ ಮತ್ತು ಸಂಜೆ. ಬೆಕ್ಕಿನ ಜಾತಿ ಚುರುಕಾಗುವ ಹೊತ್ತು ಅದು. ಕೋಲಿಗೆ ಕಟ್ಟಿದ ಗರಿಯನ್ನು ಅಟ್ಟಿಸಿ, ಕೊನೆಗೆ ಹಿಡಿಯಲು ಬಿಟ್ಟು, ಹಿಡಿದ ಕೂಡಲೇ ಊಟ ಹಾಕಿ. ಬೇಟೆ, ಊಟ, ನಿದ್ದೆ ಎಂಬ ಸರಣಿ ಪೂರ್ತಿಯಾದರೆ ರಾತ್ರಿ ಎರಡು ಗಂಟೆಗೆ ಕೂಗುವುದು ಕಡಿಮೆಯಾಗುತ್ತದೆ. ಲೇಸರ್ ಬೆಳಕನ್ನು ಮಾತ್ರ ಆಡಿಸಿದರೆ ಹಿಡಿಯಲು ಏನೂ ಸಿಗದೆ ಬೆಕ್ಕು ಕೆರಳುತ್ತದೆ. ಈ ತಳಿಯ ದನಿ ಜೋರು, ತೆಳು ಗೋಡೆಯ ಪಕ್ಕದ ಮನೆಗೂ ಕೇಳುತ್ತದೆ. ಮನೆಯವರೆಲ್ಲ ಒಂಬತ್ತಕ್ಕೆ ಹೋಗಿ ಹೊರವರ್ತುಲ ರಸ್ತೆಯ ಟ್ರಾಫಿಕ್ ದಾಟಿ ಎಂಟಕ್ಕೆ ಬರುವ ಮನೆಯಲ್ಲಿ ಒಂಟಿ ಬೆಂಗಾಲ್ ಸಾಕುವುದು ಅದಕ್ಕೆ ಮಾಡುವ ಅನ್ಯಾಯ.

ನೀರೆಂದರೆ ಬಹುತೇಕ ಬೆಂಗಾಲ್‌ಗಳಿಗೆ ಇಷ್ಟ. ಅದು ನೋಡಲು ಚಂದ, ಆದರೆ ಈ ಊರಿನಲ್ಲಿ ಅಪಾಯವೂ ಹೌದು. ಟ್ಯಾಂಕರ್ ನೀರು ಹಿಡಿದಿಟ್ಟ ಡ್ರಮ್ಮು, ತುಂಬಿದ ಬಕೆಟ್, ಸ್ವತಂತ್ರ ಮನೆಯ ಸಂಪು ಎಲ್ಲಕ್ಕೂ ಮುಚ್ಚಳ ಬೇಕು. ನುಣುಪು ಗೋಡೆಯ ಡ್ರಮ್ಮಿಗೆ ಬಿದ್ದ ಮರಿಗೆ ಪಂಜ ಊರಲು ಜಾಗವಿರುವುದಿಲ್ಲ. ನೆಲ ಒರೆಸಲು ಫಿನಾಯಿಲ್ ಬೇಡ. ಬೆಕ್ಕಿನ ಯಕೃತ್ತಿಗೆ ಆ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ವಿಷವಾಗುತ್ತದೆ. ಪ್ಯಾರಾಸಿಟಮಾಲ್ ಒಂದು ಮಾತ್ರೆ ಪ್ರಾಣ ತೆಗೆಯಬಲ್ಲದು. ಲಿಲ್ಲಿ ಹೂವು ಮನೆಯೊಳಗೆ ಬರಬಾರದು, ಅದರ ಪರಾಗ ಸಾಕು ಮೂತ್ರಪಿಂಡ ಕೆಡಲು. ದೇವರಿಗೆ ಮುಡಿಸಿದ ಮಲ್ಲಿಗೆಯ ದಾರವನ್ನೂ ಮರೆಯಬೇಡಿ. ಬೆಂಗಾಲ್ ಅದನ್ನು ನುಂಗಿದರೆ ಕರುಳು ದಾರದ ಮೇಲೆ ನೆರಿಗೆಗಟ್ಟಿ ಸೀಳುತ್ತದೆ. ಬಾಯಿಯಲ್ಲೋ ಗುದದಲ್ಲೋ ದಾರದ ತುದಿ ಕಂಡರೆ ಎಳೆಯದೆ ಆಸ್ಪತ್ರೆಗೆ ಒಯ್ಯಿರಿ.

ಊಟದ ಲೆಕ್ಕ ಸರಳ. ಐದು ಕಿಲೋ ತೂಗುವ, ಚೆನ್ನಾಗಿ ಓಡಾಡುವ ಬೆಕ್ಕಿಗೆ ದಿನಕ್ಕೆ ಸುಮಾರು 250ರಿಂದ 300 ಕ್ಯಾಲೊರಿ ಬೇಕು. ನೂರು ಗ್ರಾಂಗೆ 400 ಕ್ಯಾಲೊರಿ ಇರುವ ಒಣ ಆಹಾರವಾದರೆ 63-75 ಗ್ರಾಂ. ಅರ್ಧದಷ್ಟನ್ನಾದರೂ ನೀರಿನಂಶ ಹೆಚ್ಚಿರುವ ಒದ್ದೆ ಆಹಾರವಾಗಿ ಕೊಟ್ಟರೆ ಮೂತ್ರದ ತೊಂದರೆ ದೂರವಿಡಲು ಸಹಾಯ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ ಮೇಲೋಗರಕ್ಕೆ ಸರಿ, ಅದೊಂದನ್ನೇ ಹಾಕಿದರೆ ಸುಣ್ಣದಂಶ ಸಾಲದು. ಮೊಸರನ್ನದಲ್ಲಿ ಬೆಕ್ಕು ಬದುಕದು. ಟಾರಿನ್ ಎಂಬ ಪೋಷಕಾಂಶ ಮುಖ್ಯವಾಗಿ ಮಾಂಸ, ಮೀನಿನಲ್ಲಿ ಸಿಗುತ್ತದೆ, ಅದು ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಸಸ್ಯಾಹಾರಿ ಮನೆಯವರು ಮುಚ್ಚಿದ ಡಬ್ಬಿಯ ಆಹಾರವನ್ನು ಬಾಲ್ಕನಿಯಲ್ಲಿ ಹಾಕಿ ನಿಭಾಯಿಸಬಹುದು. ಅದಕ್ಕೂ ಹಿರಿಯರು ಒಪ್ಪದಿದ್ದರೆ ಬೆಕ್ಕನ್ನು ತರದಿರುವುದೇ ಸರಿ.

ಟ್ರೇ ಸಂಖ್ಯೆ, ಬೆಕ್ಕುಗಳಿಗಿಂತ ಒಂದು ಹೆಚ್ಚು. ಕೆಲವು ಬೆಂಗಾಲ್‌ಗಳು ನಿಂತೇ ಮೂತ್ರ ಮಾಡುವುದರಿಂದ ಅಂಗಡಿಯ ಗಿಡ್ಡ ಟ್ರೇ ಸಾಲದು. ಒಂದೂವರೆ ಅಡಿ ಎತ್ತರದ ಪ್ಲಾಸ್ಟಿಕ್ ಸಾಮಾನು ಡಬ್ಬಿಯ ಒಂದು ಬದಿ ಕೊರೆದು ಬಾಗಿಲು ಮಾಡಿ, ಎರಡೂವರೆ-ಮೂರು ಇಂಚು ಬೆಂಟೊನೈಟ್ ಲಿಟರ್ (ಮೂತ್ರ ಹೀರಿ ಉಂಡೆಗಟ್ಟುವ ಹರಳು) ತುಂಬಿ. ಗಟ್ಟಿಯಾದ ಉಂಡೆಯನ್ನು ಕಮೋಡಿಗೆ ಹಾಕಬೇಡಿ. ಅದು ಜೇಡಿಮಣ್ಣು, ಉಬ್ಬಿ ಪೈಪ್ ಕಟ್ಟುತ್ತದೆ. ಟ್ರೇ ಬಿಟ್ಟು ಹೊರಗೆ ಮಾಡಿದರೆ ಮೊದಲು ಮೂತ್ರಪರೀಕ್ಷೆ ಮಾಡಿಸಿ, ಆಮೇಲೆ ಕಿಟಕಿಯಾಚೆ ಬೀದಿಯ ಗಂಡುಬೆಕ್ಕು ಬರುತ್ತಿದೆಯೇ ನೋಡಿ. ಕೆಳಗಿನ ಮಹಡಿಗಳಲ್ಲಿ ಬಹಳ ಸಲ ಕಾರಣ ಅದೇ. ಗಾಜಿನ ಕೆಳಭಾಗಕ್ಕೆ ಮಸುಕು ಫಿಲ್ಮ್ ಅಂಟಿಸಿದರೆ ಇದು ತಗ್ಗುತ್ತದೆ. ಕಲೆಯಾದ ಜಾಗವನ್ನು ಎನ್‌ಜೈಮ್ ದ್ರಾವಣದಿಂದಲೇ ತೊಳೆಯಬೇಕು, ವಾಸನೆ ಉಳಿದರೆ ಅಲ್ಲೇ ಮತ್ತೆ ಮಾಡುತ್ತದೆ.

ಇಷ್ಟೆಲ್ಲ ಓದಿದ ಮೇಲೂ ಬೆಂಗಾಲ್ ಬೇಕೆನಿಸಿದರೆ, ಮರಿಗಿಂತ ಮೊದಲು ಒಂದೆರಡು ವರ್ಷದ ದೊಡ್ಡ ಬೆಕ್ಕನ್ನು ವಿಚಾರಿಸಿ. ಮರಿಯಾಗಿದ್ದಾಗ ಆಸೆಪಟ್ಟು ತಂದು, ಅದರ ಓಟಕ್ಕೆ ಸೋತು ಬಿಟ್ಟುಕೊಡುವವರು ಇರುತ್ತಾರೆ. ದೊಡ್ಡದರ ಬಣ್ಣ, ಸ್ವಭಾವ, ಕಣ್ಣು ಎಲ್ಲವೂ ಆಗಲೇ ಗೊತ್ತಾಗಿರುತ್ತದೆ. ಎಫ್‌ಐವಿ ಮತ್ತು ಎಫ್‌ಇಎಲ್‌ವಿ ಎಂಬ ಬೆಕ್ಕಿನ ಎರಡು ವೈರಸ್‌ಗಳಿಗೆ ರಕ್ತಪರೀಕ್ಷೆ ಮಾಡಿಸಿ. ಬಿಡಲು ಕಾರಣವೇನೆಂದು ನೇರವಾಗಿ ಕೇಳಿ. ‘ಗೋಡೆಗೆ ಮೂತ್ರ ಚಿಮ್ಮಿಸುತ್ತದೆ’ ಎಂದರೆ ಶಸ್ತ್ರಚಿಕಿತ್ಸೆ ಯಾವಾಗ ಆಯಿತೆಂದು ತಿಳಿದುಕೊಳ್ಳಿ. ಮನೆಗೆ ತಂದು ಮೊದಲ ಹತ್ತು-ಹದಿನಾಲ್ಕು ದಿನ ಒಂದೇ ಕೋಣೆಯಲ್ಲಿಡಿ, ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಬಾಗಿಲ ಸಂದಿಯ ವಾಸನೆಯಿಂದ ಪರಿಚಯವಾಗಲಿ. ಹಳೆಯ ಮನೆಯ ಟ್ರೇಯಿಂದ ಒಂದು ಹಿಡಿ ಲಿಟರ್ ತಂದು ಹೊಸ ಟ್ರೇಗೆ ಬೆರೆಸಿ, ಆಹಾರವನ್ನು ಏಳು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ. ಹಲಗೆ, ಜಾಲರಿ, ಲಾಕ್‌ಗಳ ಕೆಲಸವೆಲ್ಲ ಅದು ಬರುವ ಮೊದಲೇ ಮುಗಿದಿರಬೇಕು. ಡ್ರಿಲ್ಲಿಂಗ್ ಸದ್ದಿಗೆ ಹೆದರಿದ ಬೆಕ್ಕು ಆ ಕೋಣೆಯನ್ನು ತಿಂಗಳುಗಟ್ಟಲೆ ಅನುಮಾನಿಸುತ್ತದೆ.